ಕೌದಿ ಹೊಲಿಯುವವರಿಗೊಂದು ಕೈಯಂತ್ರ: ಬಟ್ಟೆ ಕತ್ತರಿಸುವ ಸಾಧನದ ವಿನ್ಯಾಸ ಕುರಿತು

ಧಾರವಾಡ, ಬೆಳಗಾವಿ, ವಿಜಯಪುರ ಸೀಮೆಯ ಕೌದಿಯಾಗಲಿ, ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಹೆಣ್ಣುಮಕ್ಕಳ ಕವಂದಿಯಾಗಲಿ, ಮಾತು ಬಂದಾಗ ನಮ್ಮ ಕಣ್ಣು ಹೋಗುವುದು ಬಣ್ಣದ ಜೋಡಣೆ ಮತ್ತು ಸಾಲುಹೊಲಿಗೆಯ ಕಡೆಗೆ. ಅದಕ್ಕೂ ಮುಂಚಿನ ಕೆಲಸವೊಂದಿದೆ: ಹಳೆಯ ಕುಪ್ಪಸ, ಲಂಗ, ಪ್ಯಾಂಟುಗಳನ್ನು ಬಿಚ್ಚಿ, ದಪ್ಪ ಹೊಲಿಗೆಪಟ್ಟಿಗಳನ್ನು ತೆಗೆದು, ತುಂಡು ಮಾಡಿಕೊಳ್ಳುವುದು. ಹೆಬ್ಬೆರಳ ಬುಡ ಸೋಲುವುದು ಇಲ್ಲಿ. ಈ ಕೆಲಸಕ್ಕೆ ಒದಗುವ, ಒಂದೇ ಕೈಯಲ್ಲಿ ಹಿಡಿಯಬಹುದಾದ ಬ್ಯಾಟರಿಯಂತ್ರದ ಅಳತೆಗಳನ್ನು ಇಲ್ಲಿ ಲೆಕ್ಕ ಹಾಕಿದ್ದೇನೆ. ಗಾರ್ಮೆಂಟ್ ಕಾರ್ಖಾನೆಯ ಯಂತ್ರವನ್ನು ಕುಗ್ಗಿಸಿದ ಮಾತ್ರಕ್ಕೆ ಅದು ಕೌದಿಯವರ ಯಂತ್ರವಾಗುವುದಿಲ್ಲ ಎಂಬುದು ನನ್ನ ವಾದ. ಚಕ್ರ ಚಿಕ್ಕದಿರಬೇಕು, ನಿಧಾನವಾಗಿ ತಿರುಗಬೇಕು, ಅದರ ಎದುರಿಗೆ ಕದಲದ ಅಲಗೊಂದು ಇರಲೇಬೇಕು.

ಈಗಿರುವ ಸಾಧನಗಳು ಬೇರೆ ಕೆಲಸಗಳಿಗಾಗಿ ಹುಟ್ಟಿದವು. ಅಮೆರಿಕದ ಬಫಲೋದ ಈಸ್ಟ್‌ಮನ್ ಕಂಪನಿ 1888ರಿಂದ ವಿದ್ಯುತ್ ಕತ್ತರಿಗಳನ್ನು ತಯಾರಿಸುತ್ತ ಬಂದಿದೆ. ಮೇಜಿನ ಮೇಲೆ ಹಾಸಿದ ಹಲವು ಪದರ ಹೊಸ ಬಟ್ಟೆಯನ್ನು ಒಂದೇ ಆಕಾರಕ್ಕೆ ಕೊಯ್ಯುವುದು ಅಂಥ ಯಂತ್ರಗಳ ಗುರಿ. ಜಪಾನಿನ ಓಲ್ಫಾ 1979ರಲ್ಲಿ ತಂದ ರೋಟರಿ ಕಟರ್ ಕ್ವಿಲ್ಟ್ ಹೊಲಿಯುವವರ ರೂಢಿಯನ್ನೇ ಬದಲಿಸಿತು. ಆದರೆ ಅದಕ್ಕೆ ಕೆಳಗೆ ಮ್ಯಾಟ್ ಬೇಕು, ಸಮನಾದ ಮೇಜು ಬೇಕು, ಮೇಲಿಂದ ಒತ್ತುವ ತೋಳು ಬೇಕು. ಕೌದಿ ಹೊಲಿಯುವುದು ನೆಲದ ಮೇಲೆ ಕುಳಿತು. ಕವಂದಿಯಲ್ಲಂತೂ ಅಂಚಿನಿಂದ ಶುರುಮಾಡಿ ಸುತ್ತುಸುತ್ತಾಗಿ ನಡುವಿನ ಕಡೆಗೆ ಸಾಗುತ್ತಾರೆ. ಉಳಿದ ಜಾಗ ನೋಡಿಕೊಂಡು ಮುಂದಿನ ತುಂಡನ್ನು ಹೊಂದಿಸುತ್ತಾರೆ. ಹೀಗಾಗಿ ಯಂತ್ರ ಒಂದೇ ಸಮನೆ ಓಡುವುದಿಲ್ಲ. ಕೆಲವು ಕ್ಷಣ ಓಡಿ, ಬಹಳ ಹೊತ್ತು ಪಕ್ಕದಲ್ಲಿ ಸುಮ್ಮನೆ ಬಿದ್ದಿರುತ್ತದೆ.

ಇನ್ನೊಂದು ಸಂಗತಿಯನ್ನು ವಿನ್ಯಾಸಕಾರರು ಮರೆಯಬಾರದು. ಹತ್ತಿಯ ನೇಯ್ದ ಬಟ್ಟೆಗೆ ಅಂಚಿನಲ್ಲಿ ಸಣ್ಣ ಕಚ್ಚು ಹಾಕಿ ಎಳೆದರೆ ನೂಲಿನ ಗುಂಟ ಪರ್ರನೆ ನೇರವಾಗಿ ಹರಿಯುತ್ತದೆ. ಖರ್ಚಿಲ್ಲದ ಈ ವಿದ್ಯೆಯನ್ನು ಯಾವ ಯಂತ್ರವೂ ವೇಗದಲ್ಲಿ ಸೋಲಿಸಲಾರದು, ಸೋಲಿಸಬೇಕಾಗಿಯೂ ಇಲ್ಲ. ಹರಿಯಲು ಬಾರದ ಕಡೆ ಯಂತ್ರ ಬೇಕು: ಓರೆಗೆರೆ, ಬಾಗುಗೆರೆ, ಹೆಣೆದ ಬನಿಯನ್ ಬಟ್ಟೆ, ಜಾರುವ ಪಾಲಿಯೆಸ್ಟರ್ ಸೀರೆ, ಜೀನ್ಸಿನ ಮಡಿಸಿದ ಹೊಲಿಗೆ. ಹೊಸ ಬಟ್ಟೆಗೆ ಒಗ್ಗಿದ ಅಲಗು ಇಂಥ ಬೆರಕೆ ಹಳೆಬಟ್ಟೆಯಲ್ಲಿ ತಡವರಿಸುತ್ತದೆ.

ಚಕ್ರದ ಗಾತ್ರದಿಂದ ಆರಂಭಿಸೋಣ. ದುಂಡಲಗಿನ ಅಂಚು ತಳಪಟ್ಟಿಯನ್ನು ಮುಟ್ಟುವಂತಿದ್ದರೆ, 3 ಮಿ.ಮೀ. ದಪ್ಪದ ಹೊಲಿಗೆಪಟ್ಟಿಯಲ್ಲಿ ಮೇಲಿನ ಪದರ ಕೆಳಗಿನದಕ್ಕಿಂತ ಮೊದಲೇ ಕತ್ತರಿಸಲ್ಪಡುತ್ತದೆ. ಈ ಮುನ್ನಡೆ 100 ಮಿ.ಮೀ. ಚಕ್ರದಲ್ಲಿ ಸುಮಾರು 17 ಮಿ.ಮೀ., 45 ಮಿ.ಮೀ. ಚಕ್ರದಲ್ಲಿ 11, 28 ಮಿ.ಮೀ. ಚಕ್ರದಲ್ಲಿ 9ಕ್ಕಿಂತ ಕಡಿಮೆ. ಬಾಗುಗೆರೆಯಲ್ಲಿ ತಿರುಗಿಸುವಾಗ ಮುನ್ನಡೆ ಹೆಚ್ಚಿದ್ದಷ್ಟೂ ಅಲಗು ಬಟ್ಟೆಯನ್ನು ಅಡ್ಡಲಾಗಿ ಜಗ್ಗುತ್ತದೆ. ನಾನು 28 ಮಿ.ಮೀ. ಆರಿಸಲು ಇದೇ ಕಾರಣ. ಮಧ್ಯದ ಅಚ್ಚು, ಗೇರುಗಳಿಗೆ ಜಾಗ ಬಿಟ್ಟ ಮೇಲೆ ಕತ್ತರಿಸಲು ಸಿಗುವ ಆಳ 5–6 ಮಿ.ಮೀ. ಮಾತ್ರ, ಕೌದಿಯ ಕೆಲಸಕ್ಕೆ ಅದು ಧಾರಾಳ.

ವೇಗದ ಲೆಕ್ಕ ಇದಕ್ಕಿಂತ ಮುಖ್ಯ. 100 ಮಿ.ಮೀ. ಚಕ್ರ ನಿಮಿಷಕ್ಕೆ 1000 ಸುತ್ತು ತಿರುಗಿದರೆ ಅಂಚಿನ ವೇಗ ಸೆಕೆಂಡಿಗೆ 5.2 ಮೀಟರ್. 28 ಮಿ.ಮೀ. ಚಕ್ರ 600 ಸುತ್ತಿನಲ್ಲಿ 0.88 ಮೀಟರ್. ಅಲಗಿಗೆ 10 ವ್ಯಾಟ್ ಶಕ್ತಿ ತಲುಪುತ್ತದೆ ಎಂದಿಟ್ಟುಕೊಂಡರೆ, ಮೊದಲನೆಯದರ ಅಂಚಿನಲ್ಲಿ ಸಿಗುವ ಬಲ 2 ನ್ಯೂಟನ್‌ಗೂ ಕಡಿಮೆ, ಎರಡನೆಯದರಲ್ಲಿ 11 ನ್ಯೂಟನ್. ಜೀನ್ಸಿನ ಹೊಲಿಗೆ ಎದುರಾದಾಗ ಮೋಟಾರು ನಿಂತುಹೋಗದಂತೆ ಕಾಯುವುದು ಈ ಬಲವೇ. ಇನ್ನೊಂದು ಲಾಭ ಶಾಖದ್ದು. ನೈಲಾನ್ 6 ಕರಗುವುದು ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಾಲಿಯೆಸ್ಟರ್ 255–260ರಲ್ಲಿ. ವೇಗದ ಅಲಗಿನ ಉಜ್ಜುವಿಕೆಗೆ ಇಂಥ ಬಟ್ಟೆಯ ಅಂಚು ಕರಗಿ ಗಟ್ಟಿಯಾದರೆ ಸೂಜಿ ಇಳಿಯುವುದು ಕಷ್ಟ, ಹೊದ್ದವರ ಮೈಗೂ ಅದು ಚುಚ್ಚುತ್ತದೆ. ಕೂಸಿಗೆ ಹೊದಿಸುವ ಕೌದಿಯಲ್ಲಿ ಇದನ್ನು ಸಣ್ಣ ದೋಷವೆಂದು ಬಿಡಲಾಗದು.

ನಿಧಾನವಾದ ದುಂಡಲಗು ಒಂಟಿಯಾಗಿ ಸಡಿಲ ಬಟ್ಟೆಯನ್ನು ಕತ್ತರಿಸದೆ ತಳ್ಳಿಬಿಡುತ್ತದೆ. ಆದ್ದರಿಂದ ಅಷ್ಟಕೋನದ ಅಲಗು, ಅದಕ್ಕೆ ಸ್ಪ್ರಿಂಗಿನಿಂದ ಒತ್ತಿ ನಿಂತ ಟಂಗ್‌ಸ್ಟನ್ ಕಾರ್ಬೈಡಿನ ಎದುರಲಗು ಬೇಕು. ಪ್ರತಿ ಮೂಲೆಯೂ ಕತ್ತರಿಯ ಬಾಯಿ ಮುಚ್ಚಿದ ಹಾಗೆ ಕೆಲಸ ಮಾಡುತ್ತದೆ, ಮ್ಯಾಟಿನ ಗೊಡವೆಯೂ ಇರುವುದಿಲ್ಲ. 600 ಸುತ್ತಿಗೆ ಸೆಕೆಂಡಿಗೆ 80 ಬಾರಿ ಬಾಯಿ ಮುಚ್ಚುತ್ತದೆ. ಸೆಕೆಂಡಿಗೆ 100 ಮಿ.ಮೀ. ಮುಂದೆ ಸಾಗಿದರೆ ಒಂದೊಂದು ಕಚ್ಚು 1.25 ಮಿ.ಮೀ. ಷಟ್ಕೋನ ಬೇಡವೇಕೆಂದರೆ, ಈ ಗಾತ್ರದಲ್ಲಿ ಅದರ ಮೂಲೆಗೂ ಬದಿಯ ನಡುವಿಗೂ 1.9 ಮಿ.ಮೀ. ಏರುಪೇರು, ಅಷ್ಟಕೋನದಲ್ಲಿ 1.1 ಮಾತ್ರ. ಏರುಪೇರು ಕಡಿಮೆಯಾದಷ್ಟು ಕೈಗೆ ನಡುಕ ಕಡಿಮೆ.

ಬ್ಯಾಟರಿಯ ಮಾತು ಸುಲಭ. ಮೋಟಾರು, ಗೇರುಗಳಲ್ಲಿ ಅರ್ಧ ಶಕ್ತಿ ಹೋಗುತ್ತದೆಂದು ಹಿಡಿದು 20 ವ್ಯಾಟ್ ಬೇಕೆನ್ನೋಣ. 3.6 ವೋಲ್ಟಿನ, 2500 ಮಿಲಿಆಂಪಿಯರ್-ಗಂಟೆಯ ಎರಡು ಲಿಥಿಯಂ ಸೆಲ್‌ಗಳಲ್ಲಿ 18 ವ್ಯಾಟ್-ಗಂಟೆ ಇರುತ್ತದೆ. ಪೂರ್ಣ ಭಾರದಲ್ಲೂ 54 ನಿಮಿಷ, ಅಂದರೆ ಮೇಲಿನ ವೇಗದಲ್ಲಿ 300 ಮೀಟರಿಗೂ ಹೆಚ್ಚು ಗೆರೆ. ಹಗಲು ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ.

ಮಕ್ಕಳು ಓಡಾಡುವ ಪಡಸಾಲೆಯಲ್ಲಿ ಈ ಯಂತ್ರ ಇರುತ್ತದೆ. ಬೆರಳು ತೆಗೆದೊಡನೆ ಸ್ವಿಚ್ಚು ಆರಬೇಕು. ಆಗಲೇ ಮೋಟಾರಿನ ಎರಡು ತುದಿಗಳು ಒಂದಕ್ಕೊಂದು ಕೂಡಿಕೊಂಡರೆ ಅದು ತನ್ನನ್ನು ತಾನೇ ತಡೆಯುತ್ತದೆ, ಅಲಗು ಸುಮ್ಮನೆ ಸುತ್ತುತ್ತ ಇರುವುದಿಲ್ಲ. ತಳಪಟ್ಟಿಯ ಮುಂದಿನ ಸೀಳು 6 ಮಿ.ಮೀ. ಮೀರದಿದ್ದರೆ ಬಟ್ಟೆ ಒಳಹೋಗುತ್ತದೆ, ದೊಡ್ಡವರ ಬೆರಳು ಹೋಗುವುದಿಲ್ಲ. ಮಗುವಿನ ಕಿರುಬೆರಳಿಗೆ ಅಷ್ಟು ಸಾಲದು, ಹಾಗಾಗಿ ಬಳಸದಾಗ ಸೀಳನ್ನೇ ಮುಚ್ಚುವ ಬೀಗವನ್ನು ಐಚ್ಛಿಕವಾಗಿ ಬಿಡಬಾರದು. ಹತ್ತಿಯ ನವಿರು ಧೂಳು ಹೊಗದಂತೆ ಮೋಟಾರಿನ ಗೂಡು ಮುಚ್ಚಿಯೇ ಇರಬೇಕು.

ಪರೀಕ್ಷೆಗೆ ಅಂಗಡಿಯ ಹೊಸ ಬಟ್ಟೆ ತರುವುದು ವ್ಯರ್ಥ. ಒಗೆದು ಒಗೆದು ಮೆತ್ತಗಾದ ಧೋತರ, ಪಾಲಿಯೆಸ್ಟರ್ ಸೀರೆ, ಬನಿಯನ್, ಜೀನ್ಸಿನ ಕಾಲು, ಈ ನಾಲ್ಕರ ಮೇಲೂ ಗೆರೆ ನೇರವಾಗಿ, ಅಂಚು ಮೃದುವಾಗಿ ಬಂದರೆ ಮಾತ್ರ ಮಾದರಿಯನ್ನು ಒಪ್ಪಬೇಕು. ಒಪ್ಪುವವರು ನೆಲದ ಮೇಲೆ ಕುಳಿತು ಕತ್ತರಿಸುವ ಹೆಂಗಸರೇ ಆಗಿರಬೇಕು. ಎಡಗೈಯವರಿಗೂ ಒಗ್ಗುವಂತೆ ಸ್ವಿಚ್ಚನ್ನು ಹಿಡಿಕೆಯ ನಡುವೆ ಕೂರಿಸಬೇಕು. ಅಲಗು, ಎದುರಲಗುಗಳನ್ನು ಹಿಡಿದಿಡುವ ಸ್ಕ್ರೂಗಳು ಸಂತೆಯೂರಿನ ಹೊಲಿಗೆಯಂತ್ರ ರಿಪೇರಿಯವರ ಬಳಿ ಈಗಾಗಲೇ ಇರುವ ಸ್ಕ್ರೂಡ್ರೈವರಿಗೇ ಬಿಚ್ಚುವಂತಿರಬೇಕು.