ಹಳೆಯ ಎಂಜಿನ್, ದಪ್ಪ ಆಯಿಲ್: ಕಾಣಿಯೂರು ಪರಿಸರದಲ್ಲಿ ಒಂದು ಮರುಪರಿಶೀಲನೆ

ಕಾಣಿಯೂರು, ಸವಣೂರು, ಪಂಜ ಭಾಗದ ತೋಟದ ಮನೆಗಳಲ್ಲಿ ಮಾರುತಿ 800, ಓಮ್ನಿ, ಮಹೀಂದ್ರ ಜೀಪುಗಳು ಇನ್ನೂ ದುಡಿಯುತ್ತಿವೆ. 800ರ ತಯಾರಿ 2014ರಲ್ಲಿ, ಓಮ್ನಿಯದು 2019ರಲ್ಲಿ ನಿಂತಿತು. ಇಂಥ ಗಾಡಿಗಳಲ್ಲಿ ಹಲವು 15 ವರ್ಷದ ಮೊದಲ ನೋಂದಣಿ ಮುಗಿಸಿ ಐದೈದು ವರ್ಷದ ನವೀಕರಣದಲ್ಲಿ ಓಡುತ್ತಿವೆ. ಲಕ್ಷ ಕಿಲೋಮೀಟರ್ ದಾಟಿದ ಎಂಜಿನ್ನಿಗೆ ದಪ್ಪ ಆಯಿಲ್ ಹಾಕಬೇಕು ಎನ್ನುವುದು ಗ್ಯಾರೇಜುಗಳ ವಾಡಿಕೆಯ ಸಲಹೆ. ಕಿಲೋಮೀಟರ್ ಲೆಕ್ಕವೊಂದನ್ನೇ ನೋಡಿ ಆಯಿಲ್ ಆರಿಸುವುದು ಸರಿಯಲ್ಲ, ಆಯಿಲ್ ಎಲ್ಲಿ ಕಳೆದುಹೋಗುತ್ತಿದೆ ಎಂಬುದನ್ನು ಮೊದಲು ತಿಳಿಯಬೇಕು ಎಂಬುದು ಈ ಲೇಖನದ ವಾದ.

ಡಬ್ಬಿಯ ಮೇಲಿನ 20ಡಬ್ಲ್ಯೂ-40, 5ಡಬ್ಲ್ಯೂ-30 ಎಂಬ ಗುರುತುಗಳ ಹಿಂದಿರುವುದು ಎಸ್‌ಎಇ ಜೆ300 ಎಂಬ ಮಾನದಂಡ. ಮೊದಲ ಸಂಖ್ಯೆ ಚಳಿಯಲ್ಲಿ ಸ್ಟಾರ್ಟ್ ಆಗುವುದಕ್ಕೆ ಸಂಬಂಧಿಸಿದ್ದು. 20ಡಬ್ಲ್ಯೂ ಆಯಿಲನ್ನು ಪರೀಕ್ಷಿಸುವುದು ಸೊನ್ನೆಗಿಂತ 15 ಡಿಗ್ರಿ ಕೆಳಗೆ, 5ಡಬ್ಲ್ಯೂ ಆಯಿಲನ್ನು 30 ಡಿಗ್ರಿ ಕೆಳಗೆ. ಕುಮಾರಧಾರಾ ತೀರದ ಧನುರ್ಮಾಸದ ಬೆಳಗು ಇದರ ಹತ್ತಿರಕ್ಕೂ ಬರುವುದಿಲ್ಲ. ಹಾಗಾಗಿ ಚಳಿಯ ಕಾರಣಕ್ಕಾಗಿಯೇ ಹೆಚ್ಚು ಹಣ ಕೊಟ್ಟು 5ಡಬ್ಲ್ಯೂ ಕೊಳ್ಳಬೇಕಾಗಿಲ್ಲ. ನಮಗೆ ಮುಖ್ಯವಾದುದು ಎರಡನೆಯ ಸಂಖ್ಯೆ, ಅಂದರೆ ಬಿಸಿ ಎಂಜಿನ್ನಿನಲ್ಲಿ ಆಯಿಲಿಗಿರುವ ಸ್ನಿಗ್ಧತೆ. 100 ಡಿಗ್ರಿಯಲ್ಲಿ 40ರ ದರ್ಜೆಗೆ ಅದು 12.5ರಿಂದ 16.3 ಸೆಂಟಿಸ್ಟೋಕ್, 50ರ ದರ್ಜೆಗೆ 16.3ರಿಂದ 21.9.

ದಪ್ಪ ಆಯಿಲಿನ ಶಕ್ತಿಯ ಮಿತಿ ಇಲ್ಲೇ ತಿಳಿಯುತ್ತದೆ. ಬೇರಿಂಗ್ ಸವೆದು ಸಂದು ಹಿಗ್ಗಿದಾಗ, ಒತ್ತಡ ಅಷ್ಟೇ ಇದ್ದರೆ, ಅದರ ಮೂಲಕ ಸೋರುವ ಆಯಿಲ್ ಸಂದಿನ ಘನಕ್ಕೆ ಅನುಗುಣವಾಗಿ ಏರುತ್ತದೆ. ಸಂದು ಇಮ್ಮಡಿಯಾದರೆ ಸೋರಿಕೆ ಎಂಟು ಪಟ್ಟು. ಸ್ನಿಗ್ಧತೆಯಿಂದ ಸೋರಿಕೆ ತಗ್ಗುವುದಾದರೋ ಸರಳ ಅನುಪಾತದಲ್ಲಿ ಮಾತ್ರ. ಆಯಿಲಿನ ಸ್ನಿಗ್ಧತೆಯನ್ನು 14ರಿಂದ 18 ಸೆಂಟಿಸ್ಟೋಕಿಗೆ ಏರಿಸಿದರೂ ಅದು ಸರಿದೂಗಿಸುವುದು ಸಂದಿನಲ್ಲಿ ಶೇಕಡಾ 9ರಷ್ಟು ಹಿಗ್ಗನ್ನು ಮಾತ್ರ. ಬಿಸಿಯಾದ ಮೇಲೆ ಐಡಲಿನಲ್ಲಿ ಆಯಿಲ್ ಲೈಟ್ ಮಿನುಗತೊಡಗಿದ ಎಂಜಿನ್ನಿಗೆ ದರ್ಜೆ ಏರಿಸುವುದು ಸ್ವಲ್ಪ ಕಾಲದ ಆಸರೆಯಷ್ಟೇ. ಒತ್ತಡವನ್ನು ಗೇಜಿನಲ್ಲಿ ಅಳೆದು ನೋಡುವುದು ತಪ್ಪುವುದಿಲ್ಲ.

ಹೊಗೆಯೂ ಗುರುತು ಹೇಳುತ್ತದೆ. ರಾತ್ರಿ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆದೊಡನೆ ನೀಲಿ ಹೊಗೆ ಬಿಟ್ಟು ಸುಮ್ಮನಾದರೆ ವಾಲ್ವ್ ಸೀಲಿನ ಮೇಲೆ ಅನುಮಾನ. ಏರು ಹತ್ತುವಾಗ ಎಡೆಬಿಡದೆ ಬಂದರೆ ಪಿಸ್ಟನ್ ರಿಂಗಿನ ಮೇಲೆ. ಗಟ್ಟಿಯಾದ ಸೀಲನ್ನು ದಪ್ಪ ಆಯಿಲ್ ಮೆದುಗೊಳಿಸಲಾರದು. ಹೆಚ್ಚು ಓಡಿದ ಗಾಡಿಗೆಂದೇ ಮಾರುವ ಆಯಿಲುಗಳಲ್ಲಿ ಸೀಲನ್ನು ತುಸು ಉಬ್ಬಿಸುವ ರಾಸಾಯನಿಕಗಳಿರುತ್ತವೆ. ಸಣ್ಣ ಜಿನುಗಿಗೆ ಅವು ನೆರವಾಗಬಹುದು, ಹರಿದ ಸೀಲಿಗೆ ಆಗವು.

ನಮ್ಮ ಊರಿನ ನಿಜವಾದ ತೊಂದರೆ ಬೇರೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ; ತೋಟದ ಗಾಡಿಯ ಓಡಾಟ ಹೆಚ್ಚಾಗಿ ಹಾಲಿನ ಸೊಸೈಟಿಗೆ, ಪೇಟೆಗೆ, ಶಾಲೆಗೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಸವೆದ ರಿಂಗುಗಳ ಎಡೆಯಿಂದ ಅದರಲ್ಲೊಂದು ಪಾಲು ಸಂಪಿಗೆ ಇಳಿಯುತ್ತದೆ, ಜೊತೆಗೆ ಉರಿಯದ ಪೆಟ್ರೋಲೂ. ಆಯಿಲ್ ಚೆನ್ನಾಗಿ ಕಾಯುವ ಮೊದಲೇ ಎಂಜಿನ್ ಆಫ್ ಆದರೆ ಈ ನೀರು ಅಲ್ಲೇ ಉಳಿದು ಆಮ್ಲವನ್ನೂ ಕೆಸರನ್ನೂ ಮಾಡುತ್ತದೆ. ಆಷಾಢದಲ್ಲಿ ಆಯಿಲ್ ಮುಚ್ಚಳದ ಒಳಗೆ ಕಾಣುವ ಹಾಲುಬಣ್ಣದ ಪಸೆಗೆ ಬಹುಪಾಲು ಇದೇ ಕಾರಣ. ಕೂಲೆಂಟ್ ಕೂಡ ಇಳಿಯುತ್ತಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಬೇಕು. ಹೀಗೆ ಓಡುವ ಗಾಡಿಗೆ ಕಿಲೋಮೀಟರ್ ಕಾಯದೆ ಮಳೆಗಾಲಕ್ಕೆ ಮೊದಲೊಮ್ಮೆ, ದೀಪಾವಳಿಯ ಹೊತ್ತಿಗೆ ಇನ್ನೊಮ್ಮೆ ಆಯಿಲ್ ಬದಲಿಸುವುದನ್ನು ನಾನು ಒತ್ತಿ ಹೇಳುತ್ತೇನೆ. ದುಬಾರಿ ಆಯಿಲನ್ನು ಎರಡು ವರ್ಷ ಉಳಿಸಿಕೊಳ್ಳುವುದಕ್ಕಿಂತ ಕೈಪಿಡಿ ಹೇಳಿದ ದರ್ಜೆಯ ಸಾಧಾರಣ ಆಯಿಲನ್ನು ಹೀಗೆ ಬದಲಿಸುವುದು ಎಂಜಿನ್ನಿಗೆ ಹಿತ.

ಹಳೆಯ ಡೀಸೆಲ್ ಜೀಪುಗಳಿಗೆ ಬೇರೆ ಲೆಕ್ಕ. ಇವುಗಳ ಟಪ್ಪೆಟ್ಟಿಗೆ ಸವೆತ ತಡೆಯುವ ಸತು-ರಂಜಕದ ಸಂಯುಕ್ತ ಬೇಕು. 2004ರ ಎಪಿಐ ಎಸ್‌ಎಂ ವರ್ಗದಿಂದ ಪೆಟ್ರೋಲ್ ಕಾರಿನ 5ಡಬ್ಲ್ಯೂ-30, 10ಡಬ್ಲ್ಯೂ-30ರಂಥ ತೆಳು ಆಯಿಲುಗಳಲ್ಲಿ ರಂಜಕಕ್ಕೆ ಶೇಕಡಾ 0.08ರ ಮಿತಿಯಿದೆ; ಆದ್ದರಿಂದ ಜೀಪಿಗೆ ಡೀಸೆಲಿನ 15ಡಬ್ಲ್ಯೂ-40 ಆಯಿಲೇ ತಕ್ಕುದು. 2020ರ ಏಪ್ರಿಲ್‌ನಿಂದ ದೇಶದ ಡೀಸೆಲಿನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 10 ಪಾಲು. ಗಂಧಕದಿಂದ ಹುಟ್ಟುವ ಆಮ್ಲದ ಭಯ ಅಷ್ಟರಮಟ್ಟಿಗೆ ತಗ್ಗಿದೆ. ಮಸಿ ಮಾತ್ರ ಮೊದಲಿನಂತೆಯೇ ಆಯಿಲಿಗೆ ಸೇರುತ್ತಿದೆ. ಹಾಗಾಗಿ ಜೀಪಿನ ಆಯಿಲ್ ಫಿಲ್ಟರನ್ನೂ ಆಯಿಲಿನ ಜೊತೆಗೇ ಬದಲಿಸಬೇಕು.