ಮೀಸಲು ಕ್ಷೇತ್ರ, ಮುಚ್ಚಿದ ಗುಡಿ
ಕೊಪ್ಪಳ ಸೀಮೆಗೆ ಮೀಸಲಾತಿ ಬಂದದ್ದು ತಡವಾಗಿ. ಮೈಸೂರಿನಲ್ಲಿ ಮೀಸಲಾತಿಗೆ ದಾರಿ ಮಾಡಿದ ಮಿಲ್ಲರ್ ಸಮಿತಿ ರಚನೆಯಾದ 1918ರಲ್ಲಿ ಇದು ನಿಜಾಮರ ನಾಡು. ಇಲ್ಲಿಯ ದಲಿತರು ಸಂವಿಧಾನಕ್ಕಾಗಿ 1950ರವರೆಗೆ ಕಾಯಬೇಕಾಯಿತು. 2008ರಿಂದ ಇಲ್ಲಿಯ ಕನಕಗಿರಿ ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರ. ಶಾಲೆ, ನೌಕರಿ, ವಿಧಾನಸಭೆಯ ಬಾಗಿಲು ತೆರೆಯಿತು. ಇದು ಸಣ್ಣ ಮಾತಲ್ಲ. ಊರೊಳಗಿನ ಮಡಿ ಮೈಲಿಗೆ ಮಾತ್ರ ಅದಕ್ಕೆ ಬಗ್ಗಲಿಲ್ಲ.

2014ರ ಆಗಸ್ಟ್‌ನಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕ್ಷೌರದಂಗಡಿ, ಹೋಟೆಲ್‌ಗಳೊಳಗೆ ಬಿಟ್ಟುಕೊಳ್ಳದ ತಕರಾರು ಅದರ ಹಿಂದಿತ್ತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು.

ಕುಷ್ಟಗಿ ತಾಲ್ಲೂಕಿನ ಮಿಯಾಪುರದ್ದು ಎದೆ ಹಿಂಡುವ ಸಂಗತಿ. 2021ರ ಸೆಪ್ಟೆಂಬರ್‌ನಲ್ಲಿ, ಮಗನ ಹುಟ್ಟುಹಬ್ಬದ ದಿನ, ದಲಿತ ಅಪ್ಪನೊಬ್ಬ ಗುಡಿಯ ಹೊರಗೆ ಕೈಮುಗಿದು ನಿಂತಿದ್ದ. ಮಳೆ ಹನಿಯಿತು, ಎರಡು ವರ್ಷದ ಕೂಸು ಒಳಗೋಡಿತು. ಗುಡಿಯ ಶುದ್ಧೀಕರಣಕ್ಕೆಂದು ಆ ಕುಟುಂಬದಿಂದ 25,000 ರೂಪಾಯಿ ಕೇಳಲಾಯಿತು. ಆ ಪ್ರಕರಣದಲ್ಲಿ ಐವರ ಬಂಧನವಾಯಿತು.