ಮುರುಗಲು, ಉಪ್ಪಾಗೆ: ಕಾಡಿನ ಹುಳಿ ನಡೆದ ಹಾದಿ

ಏಪ್ರಿಲ್ ಮುಗಿಯುವ ಹೊತ್ತಿಗೆ ಶಿರಸಿ, ಸಿದ್ದಾಪುರದ ಕಡೆ ತೋಟದಂಚಿನ ಮುರುಗಲು ಮರಗಳು ಕೆಂಪಗಾಗುತ್ತವೆ. ಹಣ್ಣನ್ನು ಎರಡು ಹೋಳು ಮಾಡಿ, ಬೀಜ ತೆಗೆದು, ಬಟ್ಟಲಿನಂತಾದ ಸಿಪ್ಪೆಗೆ ಸಕ್ಕರೆ ತುಂಬಿ, ಗಾಜಿನ ಭರಣಿಯಲ್ಲಿ ಪದರ ಪದರವಾಗಿ ಜೋಡಿಸಿ ಬಿಸಿಲಿಗಿಡುತ್ತಾರೆ. ಕೆಲವೇ ದಿನಗಳಲ್ಲಿ ಸಕ್ಕರೆ ಕರಗಿ, ಸಿಪ್ಪೆ ಸೊರಗಿ, ಭರಣಿಯ ತಳದಲ್ಲಿ ಕಡುಗೆಂಪು ಪಾಕ ನಿಂತಿರುತ್ತದೆ. ಬಿಸಿಲಲ್ಲಿ ಬಂದ ನೆಂಟರ ಕೈಗೆ ಮೊದಲು ಸಿಗುವುದು ಅದರ ಪಾನಕವೇ. ಮಳೆ ಹಿಡಿದ ಮೇಲೆ ದಟ್ಟ ಕಾಡಿನೊಳಗೆ ಉಪ್ಪಾಗೆ ಹಣ್ಣಾಗುತ್ತದೆ. ಅದು ಹಳದಿ, ಪುಟ್ಟ ಕುಂಬಳಕಾಯಿಯಂತೆ ಏಣು ಏಣಾದ ಮೈ.

ಎರಡೂ ಪಶ್ಚಿಮಘಟ್ಟದ ಮಳೆಕಾಡಿನವು, ಎರಡೂ ಗಾರ್ಸೀನಿಯಾ ಕುಲದವು. ಮುರುಗಲು ಗಾರ್ಸೀನಿಯಾ ಇಂಡಿಕಾ. ಉಪ್ಪಾಗೆ ಗಾರ್ಸೀನಿಯಾ ಗಮ್ಮಿ-ಗುಟ್ಟಾ, ಮಾರುಕಟ್ಟೆಯ ಬಾಯಲ್ಲಿ ಗಾರ್ಸೀನಿಯಾ ಕ್ಯಾಂಬೋಜಿಯಾ. ಇವುಗಳ ಆರೋಗ್ಯಗುಣದ ಬಗ್ಗೆ ಸಾಕಷ್ಟು ಬರೆದದ್ದಾಗಿದೆ, ಅದಕ್ಕಿಂತ ಹೆಚ್ಚು ಮಾರಿದ್ದಾಗಿದೆ. ಆ ಅರಿವು ಅಡುಗೆಮನೆಯಿಂದ ಹೊರಟು ಪ್ರಯೋಗಾಲಯ, ಔಷಧದಂಗಡಿಗಳನ್ನು ಹಾದು ಎಲ್ಲಿಗೆ ಬಂದು ನಿಂತಿದೆ ಎಂದು ಒಮ್ಮೆ ಹಿಂತಿರುಗಿ ನೋಡಬೇಕಾದ ಕಾಲ ಇದು.

ಅಡುಗೆಮನೆಯ ಅರಿವು

ಕರಾವಳಿಯ ತುಳುವರಿಗೆ ಮುರುಗಲು ಎಂದರೆ ಪುನರ್ಪುಳಿ. ಒಣಸಿಪ್ಪೆಯನ್ನು ನೆನೆಸಿ, ಬೆಲ್ಲ, ಉಪ್ಪು, ಹಸಿಮೆಣಸು ಹಾಕಿ ಕುದಿಸಿ, ತುಪ್ಪದ ಒಗ್ಗರಣೆ ಕೊಟ್ಟರೆ ಸಾರು. ಕೊಂಕಣ, ಗೋವೆಗಳಲ್ಲಿ ಅದೇ ಸಿಪ್ಪೆಯ ರಸ ತೆಂಗಿನಹಾಲಿಗೆ ಸೇರಿ ಸೋಲ್‌ಕಢಿಯಾಗುತ್ತದೆ. ಉಪ್ಪಾಗೆಯ ವರಸೆ ಬೇರೆ. ಕೇರಳದಲ್ಲಿ ಅದು ಹೊಗೆಯಲ್ಲಿ ಒಣಗಿ ಕಪ್ಪಾದ ಕುಡಂಪುಳಿ; ಮೀನಿನ ಸಾರಿಗೆ ಅದಿಲ್ಲದೆ ನಡೆಯದು. ಕೊಡಗಿನಲ್ಲಿ ಕಳಿತ ಹಣ್ಣಿನಿಂದ ತೊಟ್ಟಿಕ್ಕುವ ರಸವನ್ನು ಹಿಡಿದು, ಕಪ್ಪಗೆ ಮಂದವಾಗುವವರೆಗೆ ಕುದಿಸಿದರೆ ಕಾಚಂಪುಳಿ. ಪಂದಿಕರಿಯ ಬಣ್ಣವೂ ರುಚಿಯೂ ಅದರಿಂದಲೇ.

ಈ ಬಳಕೆಯೊಳಗೇ ಆರೋಗ್ಯದ ಲೆಕ್ಕವೂ ಇತ್ತು. ಪಿತ್ತ ಏರಿದರೆ ಮುರುಗಲು ಪಾನಕ, ಊಟ ಭಾರವಾದರೆ ಸಾರು, ಹಿಮ್ಮಡಿ ಒಡೆದರೆ ಬೀಜದ ತುಪ್ಪ. ಆಯುರ್ವೇದ ವೃಕ್ಷಾಮ್ಲ ಎಂದು ಕರೆದದ್ದು ಮುರುಗಲನ್ನೇ ಎನ್ನುತ್ತಾರೆ ವೈದ್ಯರು. ಇದ್ಯಾವುದನ್ನೂ ಯಾರೂ ಔಷಧವೆಂದು ಚಮಚದಲ್ಲಿ ಅಳೆದು ಕುಡಿಯುತ್ತಿರಲಿಲ್ಲ. ಊಟದ ಹದವೇ ಅದರ ಪ್ರಮಾಣವಾಗಿತ್ತು.

ಹೆಸರಿನ ಗೊಂದಲ

ಈ ಹುಳಿ ಯುರೋಪಿನ ಪುಸ್ತಕ ಸೇರಿದ್ದು 17ನೇ ಶತಮಾನದಲ್ಲಿ. ಕೊಚ್ಚಿಯ ಡಚ್ ಅಧಿಕಾರಿ ಹೆಂಡ್ರಿಕ್ ವ್ಯಾನ್ ರೀಡ್ ಸ್ಥಳೀಯ ವೈದ್ಯರ ನೆರವಿನಿಂದ ಸಿದ್ಧಪಡಿಸಿದ 12 ಸಂಪುಟಗಳ ‘ಹೋರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಕುಡಂಪುಳಿಯ ಚಿತ್ರ, ವಿವರಣೆ ಅದರ ಮೊದಲ ಸಂಪುಟದಲ್ಲೇ ಇವೆ. ಮುಂದೆ ಲಿನೇಯಸ್, ಡಚ್ ಕಂಪನಿಯಲ್ಲಿ ದುಡಿದ ಸಸ್ಯಜ್ಞ ಲೋರಾಂ ಗಾರ್ಸಾಂ ನೆನಪಿಗೆ ಕುಲದ ಹೆಸರನ್ನಿಟ್ಟ. ಉಪ್ಪಾಗೆಯ ವಿಷಯದಲ್ಲಿ ಮಾತ್ರ ಎಡವಟ್ಟಾಯಿತು. ಕಾಂಬೋಡಿಯಾ ಕಡೆಯಿಂದ ಬರುತ್ತಿದ್ದ ಗ್ಯಾಂಬೋಜ್ ಎಂಬ ಹಳದಿ ಬಣ್ಣದ ಅಂಟು ಈ ಮರದ್ದೇ ಎಂಬ ತಪ್ಪು ತಿಳಿವಳಿಕೆ ಅದರ ಹೆಸರಿಗೇ ಅಂಟಿತು. ಇಂದು ಮಾತ್ರೆಯ ಡಬ್ಬಿಗಳ ಮೇಲಿರುವ ‘ಕ್ಯಾಂಬೋಜಿಯಾ’ ಆ ತಪ್ಪಿನದೇ ಉಳಿಕೆ. ನಮ್ಮ ಘಟ್ಟದ ಹಣ್ಣು ಲೋಕಕ್ಕೆ ಪರಿಚಯವಾದದ್ದು ಪರದೇಶದ ಹೆಸರಿನಲ್ಲಿ.

ಮೈಸೂರಿನಲ್ಲಿ ಸಿಕ್ಕ ಆಮ್ಲ

ಈ ಹುಳಿಗೆ ಕಾರಣ ಸಿಟ್ರಿಕ್, ಟಾರ್ಟಾರಿಕ್ ಆಮ್ಲಗಳೆಂದೇ ಬಹುಕಾಲ ನಂಬಿಕೆಯಿತ್ತು. ಅದನ್ನು ತಿದ್ದಿದ್ದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ. ಅಲ್ಲಿನ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ 1965ರಲ್ಲಿ ಉಪ್ಪಾಗೆಯ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ಅಂದರೆ ಎಚ್‌ಸಿಎ, ಎಂದು ತೋರಿಸಿಕೊಟ್ಟರು. ಒಣಸಿಪ್ಪೆಯ ತೂಕದಲ್ಲಿ ಸುಮಾರು ಶೇ 10ರಿಂದ 30ರಷ್ಟು ಇದೇ ಇರುತ್ತದೆ. ಸಿಟ್ರಿಕ್ ಆಮ್ಲಕ್ಕೂ ಇದಕ್ಕೂ ಇರುವ ವ್ಯತ್ಯಾಸ ಒಂದು ಹೈಡ್ರಾಕ್ಸಿಲ್ ಗುಂಪು ಮಾತ್ರ.

ಮುಂದಿನ ಕಥೆಯೆಲ್ಲ ಆ ಪುಟ್ಟ ವ್ಯತ್ಯಾಸದ್ದು. ನಾವು ತಿಂದ ಅನ್ನ, ಸಕ್ಕರೆ ಹೆಚ್ಚಾದಾಗ ದೇಹ ಅದನ್ನು ಕೊಬ್ಬಾಗಿ ಕಟ್ಟಿಡುತ್ತದೆ. ಆ ದಾರಿಯಲ್ಲಿ ಸಿಟ್ರೇಟನ್ನು ತುಂಡರಿಸಿ ಕೊಬ್ಬಿಗೆ ಕಚ್ಚಾವಸ್ತು ಒದಗಿಸುವ ಕಿಣ್ವವೊಂದಿದೆ: ಎಟಿಪಿ ಸಿಟ್ರೇಟ್ ಲಯೇಸ್. ಸಿಟ್ರೇಟಿನಂತೆಯೇ ಕಾಣುವ ಎಚ್‌ಸಿಎ ಈ ಕಿಣ್ವವನ್ನು ತಡೆಯುತ್ತದೆ ಎಂದು ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಜಾನ್ ಲೋವೆನ್‌ಸ್ಟೈನ್ ತಂಡ 1969ರಲ್ಲಿ ವರದಿ ಮಾಡಿತು. 1970ರ ದಶಕದಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಕೊಬ್ಬಿನ ತಯಾರಿ ಇಳಿಯಿತು, ಇಲಿಗಳು ತಿನ್ನುವುದೂ ಕಡಿಮೆಯಾಯಿತು. ಸಾರಿನ ಹುಳಿಯೊಂದು ಬೊಜ್ಜಿನ ಮದ್ದಾಗಬಹುದೆಂಬ ಆಸೆ ಹುಟ್ಟಿದ್ದು ಆಗ.

ಮಾತ್ರೆಯ ಏರಿಳಿತ

1990ರ ದಶಕದಲ್ಲಿ ತೂಕ ಇಳಿಸುವ ಮಾತ್ರೆಗಳು ಅಂಗಡಿ ತುಂಬಿದವು. ಮನುಷ್ಯರ ಮೇಲೆ ನಡೆದ ಗಟ್ಟಿ ಪರೀಕ್ಷೆ ಬಂದದ್ದು 1998ರಲ್ಲಿ, ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ‘ಜಾಮಾ’ದಲ್ಲಿ. ಸ್ಟೀವನ್ ಹೇಮ್ಸ್‌ಫೀಲ್ಡ್ ತಂಡ ತೂಕ ಹೆಚ್ಚಿದ್ದ 135 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ 1,500 ಮಿಲಿಗ್ರಾಂ ಎಚ್‌ಸಿಎ, ಇನ್ನೊಂದಕ್ಕೆ ಹುಸಿಮಾತ್ರೆ ಕೊಟ್ಟಿತು. ಎರಡೂ ಗುಂಪಿಗೆ ಒಂದೇ ಪಥ್ಯ. 12 ವಾರಗಳ ಕೊನೆಗೆ ಎಚ್‌ಸಿಎ ಗುಂಪು ಸರಾಸರಿ 3.2 ಕಿಲೋ ಇಳಿದಿತ್ತು, ಹುಸಿಮಾತ್ರೆಯ ಗುಂಪು 4.1 ಕಿಲೋ. ಮದ್ದಿನಿಂದ ಲಾಭವೇನೂ ಕಾಣಲಿಲ್ಲ. ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿದ 2011ರ ವಿಶ್ಲೇಷಣೆಯಲ್ಲೂ ಸಿಕ್ಕ ವ್ಯತ್ಯಾಸ ಒಂದು ಕಿಲೋಗಿಂತ ಕಡಿಮೆ.

ಇಲಿಯಲ್ಲಿ ಗೆದ್ದದ್ದು ಮನುಷ್ಯನಲ್ಲಿ ಸೋತದ್ದೇಕೆ? ಪಿಷ್ಟ, ಸಕ್ಕರೆಯ ಆಹಾರದಲ್ಲೇ ಬೆಳೆಸಿದ ಇಲಿ ಹೊಸದಾಗಿ ಬಹಳಷ್ಟು ಕೊಬ್ಬು ತಯಾರಿಸುತ್ತದೆ. ನಮ್ಮ ಮೈಗೆ ಸೇರುವ ಕೊಬ್ಬಿನ ದೊಡ್ಡ ಪಾಲು ನಾವು ತಿನ್ನುವ ಎಣ್ಣೆ, ತುಪ್ಪಗಳಿಂದಲೇ ನೇರವಾಗಿ ಬರುತ್ತದೆ. ಆ ದಾರಿಯಲ್ಲಿ ಈ ಕಿಣ್ವಕ್ಕೆ ಕೆಲಸವೇ ಇಲ್ಲ.

ಹಾನಿಯ ಸುದ್ದಿಯೂ ಬಂತು. ಗಾರ್ಸೀನಿಯಾ ಸಾರವಿರುವ ಮಾತ್ರೆಗಳನ್ನು ನುಂಗಿದ ಕೆಲವರ ಯಕೃತ್ತು ತೀವ್ರವಾಗಿ ಕೆಟ್ಟ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಸಾರಿನ ಬಟ್ಟಲಿನಲ್ಲಿರುವ ಹುಳಿಯೇ ಬೇರೆ, ತಿಂಗಳುಗಟ್ಟಲೆ ನುಂಗುವ ಸಾಂದ್ರ ಸಾರವೇ ಬೇರೆ. ಮಾತ್ರೆ ಬೇಕೆನ್ನುವವರು ವೈದ್ಯರನ್ನು ಕೇಳದೆ ಮುಂದುವರಿಯಬಾರದು.

ಬಣ್ಣ, ಗಾರ್ಸಿನಾಲ್, ತುಪ್ಪ

ಲೋಕ ಎಚ್‌ಸಿಎ ಹಿಂದೆ ಓಡುತ್ತಿದ್ದಾಗ ಮುರುಗಲಿನ ಸಿಪ್ಪೆಯಲ್ಲಿ ಬೇರೆ ಸಂಗತಿಗಳು ಹೊರಬಂದವು. ಪಾನಕದ ಕೆಂಪಿಗೆ ಕಾರಣ ಆಂಥೋಸಯಾನಿನ್ ಬಣ್ಣಗಳು. ಹುಳಿಯಲ್ಲಿ ಅವು ಗಾಢ ಕೆಂಪಾಗಿರುತ್ತವೆ. ಚಿಟಿಕೆ ಅಡುಗೆ ಸೋಡಾ ಬಿದ್ದರೆ ಕೆಂಪು ಓಡಿಹೋಗುತ್ತದೆ. ಉತ್ಕರ್ಷಣ ತಡೆಯುವ ಗುಣವೂ ಇವಕ್ಕಿದೆ. 1981ರಲ್ಲಿ ಸಿಎಫ್‌ಟಿಆರ್‌ಐನ ಕೃಷ್ಣಮೂರ್ತಿ, ಲೂಯಿಸ್ ಮತ್ತು ರವೀಂದ್ರನಾಥ್ ಗಾರ್ಸಿನಾಲ್ ಎಂಬ ಹಳದಿ ವಸ್ತುವಿನ ರಚನೆಯನ್ನು ವಿವರಿಸಿದರು. 2004ರಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ತಪಸ್ ಕುಂದು ತಂಡ, ವಂಶವಾಹಿಗಳ ಚಟುವಟಿಕೆಯನ್ನು ಏರಿಳಿಸುವ ಒಂದು ಬಗೆಯ ಕಿಣ್ವಗಳನ್ನು ಗಾರ್ಸಿನಾಲ್ ತಡೆಯುತ್ತದೆ ಎಂದು ತೋರಿಸಿತು. ಅಲ್ಲಿಂದೀಚೆಗೆ ಕ್ಯಾನ್ಸರ್ ಸಂಶೋಧಕರ ಕಣ್ಣು ಇದರ ಮೇಲಿದೆ. ಆದರೆ ಈ ಕೆಲಸವೆಲ್ಲ ಹೆಚ್ಚಾಗಿ ಗಾಜಿನ ತಟ್ಟೆಯ ಕೋಶಗಳಲ್ಲಿ, ಪ್ರಾಣಿಗಳಲ್ಲಿ ನಡೆದದ್ದು. ಪುನರ್ಪುಳಿ ಕುಡಿದರೆ ಕ್ಯಾನ್ಸರ್ ಬರದು ಎಂದು ಹೇಳಿಕೊಂಡು ತಿರುಗುವುದು ರೋಗಿಗಳಿಗೆ ಮಾಡುವ ಅನ್ಯಾಯ.

ಬೀಜದ ಕಥೆ ಹೆಚ್ಚು ನೆಮ್ಮದಿಯದು. ಒಣಬೀಜವನ್ನು ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ಬಗ್ಗಿಸಿ ತಣಿಸಿದರೆ ಬೆಳ್ಳಗಿನ ಗಟ್ಟಿ ಮುರುಗಲು ತುಪ್ಪ. ಸ್ಟಿಯರಿಕ್, ಓಲಿಯಿಕ್ ಆಮ್ಲಗಳೇ ಇದರಲ್ಲಿ ಮುಖ್ಯ. ಸ್ವಭಾವ ಕೋಕೋ ಬೆಣ್ಣೆಗೆ ಹತ್ತಿರ. ಚಾಕೊಲೇಟಿಗೆ ಶೇ 5ರವರೆಗೆ ಬೆರೆಸಬಹುದಾದ ಆರು ಸಸ್ಯಕೊಬ್ಬುಗಳ ಪಟ್ಟಿಯನ್ನು ಯುರೋಪಿಯನ್ ಒಕ್ಕೂಟ 2000ದಲ್ಲಿ ಮಾಡಿದಾಗ ಮುರುಗಲೂ ಅದರಲ್ಲಿತ್ತು. ಅಜ್ಜಿಯರು ಹಿಮ್ಮಡಿಗೆ ಹಚ್ಚುತ್ತಿದ್ದುದನ್ನು ಇಂದು ತುಟಿಗೆ, ಚರ್ಮಕ್ಕೆ ಹಚ್ಚುವ ಮುಲಾಮುಗಳಲ್ಲಿ ಬಳಸುತ್ತಾರೆ. ಹಳೆಯ ಬಳಕೆ ಹೆಚ್ಚು ಬದಲಾಗದೆ ಹೊಸ ಉದ್ಯಮಕ್ಕೆ ದಾಟಿದ್ದು ಇಲ್ಲಿ.

ಕಾಡು ತೆತ್ತ ಬೆಲೆ

ಮಾತ್ರೆಯ ಬೇಡಿಕೆ ಏರಿದಾಗ ಬಿಸಿ ತಟ್ಟಿದ್ದು ಉತ್ತರ ಕನ್ನಡದ ಕಾಡಿಗೆ. ನಿತಿನ್ ರೈ ಮತ್ತು ಕ್ರಿಸ್ಟೋಫರ್ ಊಲ್ 2004ರಲ್ಲಿ ಪ್ರಕಟಿಸಿದ ಅಧ್ಯಯನದ ವಿಷಯವೇ ಉಪ್ಪಾಗೆ ಕೊಯ್ಲು, ಅದರ ಮೇಲೆ ನಿಂತ ಬದುಕು ಮತ್ತು ಕಾಡಿನ ಉಳಿವು. ಕಾಡಿನ ಮರ ಎಲ್ಲರದ್ದಾದಾಗ, ನಾನು ಕಾದರೆ ಇನ್ನೊಬ್ಬ ಕೊಯ್ದಾನು ಎಂಬ ಆತಂಕ ಕಾಯಿಯನ್ನೇ ಇಳಿಸುವಂತೆ ಮಾಡುತ್ತದೆ; ಕೊಂಬೆಯನ್ನೂ ಕಡಿಸುತ್ತದೆ. ಇದು ಜಿಟಿಜಿಟಿ ಮಳೆಯ ಕಾಲದ ಬೆಳೆ, ಸಿಪ್ಪೆ ಬಿಸಿಲಿಗೆ ಒಣಗುವ ಮಾತೇ ಇಲ್ಲ. ಅಟ್ಟದ ಮೇಲೆ ಹರಡಿ, ಕೆಳಗೆ ಹಗಲಿರುಳು ಬೆಂಕಿ ಉರಿಸಬೇಕು. ಆ ಸೌದೆಯೂ ಅದೇ ಕಾಡಿನದು. ಸಿಂಗಳೀಕಗಳ ಆಹಾರದಲ್ಲೂ ಉಪ್ಪಾಗೆಗೆ ಪಾಲಿದೆ. ಕೊಯ್ಲು ಅತಿಯಾದರೆ ಅವುಗಳ ಹೊಟ್ಟೆಗೂ ಹೊಡೆತ.

ಮುರುಗಲಿಗೆ ತೋಟ ಒಂದು ದಾರಿ. ಇದರಲ್ಲಿ ಗಂಡುಮರ, ಹೆಣ್ಣುಮರ ಬೇರೆ ಬೇರೆ; ಬೀಜದ ಸಸಿ ಯಾವುದೆಂದು ತಿಳಿಯಲು ಏಳೆಂಟು ವರ್ಷ ಕಾದು ಹೂ ನೋಡಬೇಕು. ಕಸಿ ಕಟ್ಟುವ ವಿಧಾನ ಬಂದ ಮೇಲೆ ಈ ಕಷ್ಟ ನೀಗಿದೆ. ದಾಪೋಲಿಯ ಕೃಷಿ ವಿಶ್ವವಿದ್ಯಾಲಯ ‘ಕೊಂಕಣ ಅಮೃತಾ’, ‘ಕೊಂಕಣ ಹಾತಿಸ್’ ತಳಿಗಳನ್ನು ಕೊಟ್ಟಿದೆ. ಮಲೆನಾಡಿನಲ್ಲಿ ಹಳದಿ ಹಣ್ಣಿನ ಬಿಳಿ ಮುರುಗಲನ್ನೂ ರೈತರು ಜೋಪಾನ ಮಾಡುತ್ತಿದ್ದಾರೆ.

ಇಷ್ಟು ವರ್ಷಗಳ ಸಂಶೋಧನೆ ಹಣ್ಣನ್ನು ಬಿಡಿಸಿ ಒಂದೊಂದು ಅಣುವನ್ನು ಕೇಳಿತು. ಹಣ್ಣನ್ನು ನಾವು ಉಣ್ಣುವ ರೂಪದಲ್ಲೇ ಕೇಳುವುದು ಮುಂದಿನ ಕೆಲಸವಾಗಬೇಕು. ಸಾರು ಊಟದ ಜೊತೆ ದೇಹದಲ್ಲಿ ಏನು ಮಾಡುತ್ತದೆ? ಪಾಕದಲ್ಲಿ ಹಣ್ಣಿಗಿಂತ ಸಕ್ಕರೆಯೇ ಹೆಚ್ಚಿರುವಾಗ ಮಧುಮೇಹಿಗಳಿಗೆ ಸಕ್ಕರೆ ಸೋಕದ ಒಣಸಿಪ್ಪೆಯ ನೀರನ್ನು ಹೇಗೆ ಒದಗಿಸುವುದು? ಕಡಿಮೆ ಸೌದೆಯಲ್ಲಿ ಉಪ್ಪಾಗೆ ಒಣಗಿಸುವ ಒಲೆ ಪ್ರತಿ ಊರಿಗೆ ತಲುಪುವುದು ಯಾವಾಗ? ಇವಕ್ಕೆ ಉತ್ತರ ಹುಡುಕುವವರು ಘಟ್ಟದ ಅಡುಗೆಮನೆಗೂ ಅಟ್ಟದ ಬುಡಕ್ಕೂ ಬರಬೇಕು. ಅಲ್ಲಿಯವರೆಗೆ ಕೊಯ್ಯುವವರೂ ಕೊಳ್ಳುವವರೂ ಒಂದು ಕೆಲಸ ಮಾಡಬಹುದು: ಉಪ್ಪಾಗೆ ಕಳಿತು ತಾನಾಗಿ ಉದುರುವವರೆಗೆ ಕಾಯುವುದು. ಹಾಗೆ ಬಿದ್ದ ಹಣ್ಣನ್ನು ಹೆಕ್ಕಿದರೆ ಕೊಂಬೆ ಉಳಿಯುತ್ತದೆ, ಸಿಂಗಳೀಕಕ್ಕೂ ಪಾಲು ಸಿಗುತ್ತದೆ, ಸಿಪ್ಪೆಯ ಹುಳಿಯೂ ಹದಕ್ಕೆ ಬಂದಿರುತ್ತದೆ.